ಮಾವನ ಕಾರಿಗೆ ಹೊಸ ಹಲ್ಲು

ಗುರುವಾಯನಕೆರೆ
8-12-1963

ಪ್ರೀತಿಯ ಸಂಕಪ್ಪಣ್ಣನಿಗೆ ತಂಗಿ ಕಾಂತಿಯ ನಮಸ್ಕಾರಗಳು.

ಯಜಮಾನಿಕೆ ಬಂದವನಿಗೆ 'ನೀವು' ಎಂದು ಬರೆಯಬೇಕೆಂದು ಅಮ್ಮ ಹೇಳುತ್ತಾರೆ. ಎರಡೇ ವರ್ಷಕ್ಕೆ ದೊಡ್ಡವನಾದ ನಿನಗೆ ಅಷ್ಟೆಲ್ಲ ಮರ್ಯಾದೆ ಕೊಟ್ಟರೆ ನಿನಗೇ ಮುಜುಗರವಾದೀತು. ಅಲ್ಲದೆ ಈ ಕಾಗದದಲ್ಲಿ ಜಂಬ ಕೊಚ್ಚಿಕೊಳ್ಳುವುದು ತುಂಬ ಉಂಟು. 'ನೀವು' ಎನ್ನುತ್ತ ಜಂಬ ಕೊಚ್ಚಲು ನನಗೆ ಬರುವುದಿಲ್ಲ.

ಅಣ್ಣ, ಮಾವನ ಕಾರು ಓಡಿತು!

ಬೊಂಬಾಯಿಯ ಹೋಟೆಲಿನಲ್ಲಿ ಕುಳಿತು ನೀನು ಬರೆದ ಮಾತು ನನಗೆ ಬಾಯಿಪಾಠವಾಗಿದೆ. "ನಾನು ಬರುವಾಗ ಆ ಕಾರು ಅಂಗಳದಲ್ಲಿ ಇರಬಾರದು, ಗುಜರಿಯವನಿಗೆ ಕೊಟ್ಟುಬಿಡಿ. ಅದಾಗಿಯೇ ಓಡಿಕೊಂಡು ಬಿ.ಸಿ.ರೋಡಿಗೆ ನನ್ನನ್ನು ಕರೆಯಲಿಕ್ಕೆ ಬಂದರೆ ಇಟ್ಟುಕೊಳ್ಳುವ." ಶೀನಪ್ಪ ಮಾವ ತೀರಿಕೊಂಡ ಮೇಲೆ ಅಳಿಯಸಂತಾನದ ಪ್ರಕಾರ ಅವರ ಯಜಮಾನಿಕೆ ಅಕ್ಕನ ಮಗನಾದ ನಿನಗೆ ಬಂತು, ಸರಿ. ಮನೆ ಮುಂದುವರಿಯುವುದು ನನ್ನ ಮಕ್ಕಳಿಂದ ತಾನೇ? ಕಾರಿನ ವಿಷಯದಲ್ಲಿ ನನಗೂ ಒಂದು ಮಾತು ಇರಬೇಡವೆ? ಮಾವ ವಿಲಾಯತಿಯಿಂದ ಪೆಟ್ಟಿಗೆಗಳಲ್ಲಿ ತರಿಸಿ, ಪುಸ್ತಕ ನೋಡಿ ನೋಡಿ ಅಂಗಳದಲ್ಲೇ ಜೋಡಿಸಿದ ಕಾರು ಅದು. ನಮ್ಮದೇ ಹಲಸಿನ ಮರ ಕಡಿಸಿ, ಆಚಾರಿಯನ್ನು ಕೂರಿಸಿಕೊಂಡು ಬಾಡಿ ಕಟ್ಟಿಸಿದ್ದರು. ಅದನ್ನು ಗುಜರಿಯ ತಕ್ಕಡಿಗೆ ಹಾಕಲು ನಾನು ಬಿಡುವವಳಲ್ಲ.

ತೋಡಾರಿನ ಹತ್ತಿರ ಕಾರು ಕೊನೆಯ ಸಲ ನಿಂತಾಗ ಒಳಗೆ ಏನು ಮುರಿದಿತ್ತೆಂದು ನಿನಗೆ ಗೊತ್ತಿಲ್ಲ. ಎಂಜಿನ್ ತಿರುಗಿದ್ದನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಒಂದು ಹಲ್ಲಿನ ಬಳೆ ಇರುತ್ತದೆ. ಬಿ.ಸಿ.ರೋಡಿನ ಮೆಕ್ಯಾನಿಕ್ ಅಬ್ದುಲ್ ನಾಸಿರ್ ಅದಕ್ಕೆ ಕ್ರೌನ್ ಎನ್ನುತ್ತಾನೆ. ಅದರ ಹಲ್ಲುಗಳು ಉದುರಿದ್ದವು. ಮಂಗಳೂರಿನ ಅಂಗಡಿಗಳನ್ನೆಲ್ಲ ಅವನು ಜಾಲಾಡಿದ. ಬೇರೆ ಕಾರಿನದ್ದು ಇದಕ್ಕೆ ಕೂರುವುದಿಲ್ಲ, ಮಾಡಿದ ಕಂಪನಿ ಮಹಾಯುದ್ಧದ ಕಾಲದಲ್ಲೇ ಮುಚ್ಚಿಹೋಗಿದೆ. "ಅಕ್ಕಾ, ಅದೊಂದು ಸಿಕ್ಕಿದರೆ ಓಡ್ತದೆ. ಇಲ್ಲದಿದ್ದರೆ ಗುಜರಿಯೇ ಗತಿ" ಎಂದು ಕೈಚೆಲ್ಲಿದ.

ಆಗ ಅಮ್ಮನಿಗೆ ನೆನಪಾಯಿತು. ಅದೇ ಹಡಗಿನಲ್ಲಿ ಅಂಥದೇ ಪೆಟ್ಟಿಗೆಗಳು ಮೂಡುಬಿದಿರೆಯ ಪದ್ಮಯ್ಯನವರಿಗೂ ಬಂದಿದ್ದವು. ಮಾವನ ಸ್ನೇಹಿತರಲ್ಲವೆ, ಇಬ್ಬರೂ ಹಟಕ್ಕೆ ಬಿದ್ದು ತರಿಸಿದ್ದು. ಅವರ ಕಾರು ಮಾತ್ರ ಜೋಡಣೆಯೇ ಆಗಲಿಲ್ಲ. ಯುದ್ಧ ಬಂತು, ಪೆಟ್ರೋಲು ಹೋಯಿತು, ಸಾಮಾನೆಲ್ಲ ದಿಕ್ಕಾಪಾಲಾಯಿತು. ನಾಸಿರ್ ಅಲ್ಲಿಗೂ ಹೋಗಿ ಬಂದ. ಪದ್ಮಯ್ಯನವರು ಚಾವಡಿಯಲ್ಲಿ ಕೂರಿಸಿ, ಬೊಂಡ ಕೆತ್ತಿ ಎಳನೀರು ಕೊಟ್ಟು, ಒಂದು ಸ್ಕ್ರೂ ಕೂಡ ಉಳಿದಿಲ್ಲ ಎಂದು ಕಳಿಸಿದರಂತೆ.

ನನಗೆ ಸಮಾಧಾನವಾಗಲಿಲ್ಲ. ನಾನೇ ಬಸ್ಸು ಹತ್ತಿದೆ. ತಲುಪುವಾಗ ಹೊತ್ತು ಇಳಿದಿತ್ತು. ಜೈನರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕಲ್ಲ. ಪದ್ಮಯ್ಯನವರ ಹೆಂಡತಿ ಚಂದ್ರಮತಿ ಅಮ್ಮ, "ಉಣ್ಣದೆ ಕಳಿಸ್ಲಿಕ್ಕಿಲ್ಲ" ಎಂದು ಕೈಹಿಡಿದು ಒಳಗೇ ಕರೆದುಕೊಂಡು ಹೋದರು. ಎಲೆಯ ಮುಂದೆ ಕುಳಿತು ಕಣ್ಣೆತ್ತಿದರೆ ಎದುರಿಗೆ ಗಂಜಿಯ ಗಡಿಗೆ. ಗಡಿಗೆ ಉರುಳದಂತೆ ಅದರ ಬುಡಕ್ಕೆ ಒಂದು ಕಬ್ಬಿಣದ ಸಿಂಬೆ. ಸಿಂಬೆಗೆ ಸುತ್ತಲೂ ಹಲ್ಲು!

ಏನು ಉಂಡೆನೋ ದೇವರಿಗೇ ಗೊತ್ತು. ಕೈತೊಳೆದು ಬಂದು ಆ ಸಿಂಬೆಯನ್ನು ಕೇಳಿದೆ. ಅವರು ಗಡಿಗೆಯ ಮುಚ್ಚಳ ಸರಿಮಾಡಿದರು. "ಕಾರಿನಲ್ಲಿ ಕೂರಿಸಿ ವೇಣೂರಿಗೆ ಕರ್ಕೊಂಡು ಹೋಗ್ತೇನೆ ಅಂದಿದ್ದರು ಇವರು. ಆ ಕಾರಿನಿಂದ ನನಗೆ ದಕ್ಕಿದ್ದು ಇದೊಂದೇ, ಮಗಾ" ಎಂದರು. ಆಮೇಲೆ ಅವರೇ ಗಡಿಗೆ ಇಳಿಸಿ, ಸಿಂಬೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. ನಮ್ಮ ಕಾರು ಓಡಿದರೆ ತನ್ನನ್ನೂ ಕೂರಿಸಬೇಕೆಂದು ಮಾತು ತೆಗೆದುಕೊಂಡರು. ಇನ್ನೂ ಒಂದು ಷರತ್ತು ಹಾಕಿದ್ದಾರೆ, ಅದು ಆಮೇಲೆ. ನಾನು ಕಮ್ಮಾರನಿಂದ ಅದೇ ಅಳತೆಯ ಬಳೆಯೊಂದನ್ನು ಮಾಡಿಸಿ ಅವರ ಗಡಿಗೆಗೆ ಕಳಿಸಿದೆ.

ನಾಸಿರ್ ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತಿಕ್ಕಿದ. ಮಸಿಯ ಅಡಿಯಲ್ಲಿ ಹಲ್ಲುಗಳು ಹೊಸದರ ಹಾಗೆಯೇ ಇದ್ದವು. "ನಾನು ಆ ಮನೆಯಲ್ಲಿ ಬೊಂಡ ಕುಡಿದು ಬಂದೆ, ನೀವು ಊಟ ಮಾಡಿ ಬಂದಿರಿ. ಅಷ್ಟೇ ನೋಡಿ ಅಕ್ಕಾ" ಎಂದು ನಕ್ಕ. ಅದಕ್ಕೆ ಕಚ್ಚಿಕೊಂಡು ತಿರುಗುವ ಇನ್ನೊಂದು ಹಲ್ಲಿನ ಚಕ್ರ ನಮ್ಮ ಹಳೆಯದೇ ಆದ್ದರಿಂದ ಓಡುವಾಗ ಕುಂಯ್ ಎಂದು ಸಣ್ಣಗೆ ರಾಗ ಎಳೆಯುತ್ತದೆ. ಎಳೆಯಲಿ. ಬೆಳ್ತಂಗಡಿ ಪೇಟೆಯಲ್ಲಿ ಜನ ಅಂಗಡಿಯಿಂದ ಇಳಿದು ಬಂದು, "ಶೀನಪ್ಪಣ್ಣನ ಕಾರು!" ಎಂದು ನೋಡಿದರು. ಹಿಂದೆ ಕುಳಿತ ಅಮ್ಮ ತಮ್ಮನ ಹೆಸರು ಕೇಳಿ ಅತ್ತುಬಿಟ್ಟರು. ನನಗೆ ಅಳು ಬರಲಿಲ್ಲ. ಇಷ್ಟು ಹೆಮ್ಮೆ ನನ್ನ ಮದುವೆಯ ದಿನವೂ ಆಗಿರಲಿಲ್ಲ ಅಣ್ಣ. ನಿನ್ನ ಭಾವನಿಗೆ ಹೇಳಬೇಡ.

ಓಡಿಸುವವರು ಯಾರೆಂದು ಚಿಂತೆ ಬೇಡ. ಒಳ್ಳೆಯ ಡ್ರೈವರ್ ಇದ್ದಾರೆ. ನಾಸಿರನೇ ಕಲಿಸಿದ್ದು, ಮಂಗಳೂರಿನಲ್ಲಿ ಲೈಸನ್ಸೂ ಆಗಿದೆ. ಬೀಡಿ ಸೇದುವ ಚಾಳಿ ಇಲ್ಲ.

ನೀನು ಬರುವ ದಿನ ಬಿ.ಸಿ.ರೋಡಿನಲ್ಲಿ ಬಸ್ಸಿಳಿದು ಅಲ್ಲೇ ನಿಂತಿರು. ಕಾರು ಅದಾಗಿಯೇ ಓಡಿಕೊಂಡು ಬರುತ್ತದೆ. ಹಿಂದಿನ ಸೀಟಿನಲ್ಲಿ ಚಂದ್ರಮತಿ ಅಮ್ಮ ಇರುತ್ತಾರೆ, ನೀನು ಮುಂದೆ ಕೂರಬೇಕು. ಬರೆದುಕೊಟ್ಟ ಮಾತಿಗೆ ತಪ್ಪುವವನು ನೀನಲ್ಲವೆಂದು ಗೊತ್ತು.

ನಿನ್ನ ತಂಗಿ,
ಕಾಂತಿ

ತಾ.ಕ.: ಚಂದ್ರಮತಿ ಅಮ್ಮನ ಇನ್ನೊಂದು ಷರತ್ತು ಹೇಳದೆ ಬಿಟ್ಟಿದ್ದೆ. "ಗುರುತಿಲ್ಲದ ಗಂಡಸು ಬಿಡುವ ಕಾರಿನಲ್ಲಿ ನಾನು ಕೂರುವವಳಲ್ಲ. ಸಿಂಬೆ ಕೊಂಡುಹೋದವಳೇ ಕಾರು ಬಿಟ್ಟುಕೊಂಡು ಬರಬೇಕು" ಎಂದಿದ್ದರು. ಈ ಕಾಗದದ ಅಂಚಿನಲ್ಲಿರುವ ಬೆರಳಿನ ಕಲೆ ತೆಂಗಿನೆಣ್ಣೆಯದ್ದಲ್ಲ. ದಾರಿಯಲ್ಲಿ ಹೆದರಿಕೆಯಾದರೆ ಬಾಗಿಲಿನ ಹಿಡಿಯನ್ನು ಗಟ್ಟಿ ಹಿಡಿದುಕೋ. ಹಲಸಿನ ಮರದ್ದು, ಕಿತ್ತು ಬರುವುದಿಲ್ಲ.