ಮೂವತ್ತೈದು, ಮೂವತ್ತಾರು, ಮೂವತ್ತೇಳರ ಮನೆಯವರು

ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, ಇಸವಿ ೨೩೭೪
ದನಿಕಣಜ, ಕೊಪ್ಪಳದ ಗುಡ್ಡ

ದನಿಕಣಜದ ಪಟ್ಟಿಯನ್ನು ಯಂತ್ರಕ್ಕೆ ಓದಿಸುವ ಆದೇಶದ ಸಾಲುಗಳನ್ನು ಬರೆದವರಿಗೆ ಕಳಕವ್ವ ಮಾಡುವ ನಮಸ್ಕಾರಗಳು.

ನಿಮ್ಮಲ್ಲಿ ಹದಿಮೂರನೆಯ ತಿಂಗಳು ಇರಲಿಲ್ಲವೆಂದು ಬಲ್ಲೆ. ನಮ್ಮಲ್ಲಿ ಇದೆ, ಅದಕ್ಕೆ ಕೇಳುತಿಂಗಳು ಎಂದು ಹೆಸರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮವರು ಬಿಟ್ಟುಹೋದ ಧ್ವನಿಗಳಿಂದ. ಮಾತಾಡಿದವರಲ್ಲಿ ಬಹಳ ಮಂದಿ ವಯಸ್ಸಾದ ಹೆಂಗಸರಾದ್ದರಿಂದ ನನ್ನ ಬರವಣಿಗೆಯಲ್ಲೂ ಅಜ್ಜಿಯರ ಗತ್ತು ಸೇರಿಕೊಂಡಿದೆ. ಇಂಥ ಪತ್ರಕ್ಕೆ ಹಿಂದೋಲೆ ಎನ್ನುತ್ತೇವೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಕಳಿಸುವ ಓಲೆ. ಈವರೆಗೆ ಒಂದಾದರೂ ತಲುಪಿದ ಪುರಾವೆ ಯಾರಿಗೂ ಸಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮದೊಂದು ಸಾಲಿಗೆ ನನ್ನ ಮಗಳ ಮದುವೆ ಸಿಕ್ಕಿಹಾಕಿಕೊಂಡಿತ್ತು.

ಕಣಜ ನಿಮಗೆ ನೆನಪಿರಬಹುದು. ಮುಂದೆ ಹುಟ್ಟುವವರು ಕೇಳಲೆಂದು ಊರೂರಿನ ಜನರನ್ನು ಸಾಲಾಗಿ ನಿಲ್ಲಿಸಿ, ತಲೆಗೆ ನಾಲ್ಕು ನಿಮಿಷದಂತೆ ಮಾತಾಡಿಸಿ, ಒಬ್ಬೊಬ್ಬರಿಗೂ ಹದಿನೇಳು ಅಂಕಿಯ ಒಂದು ಸಂಖ್ಯೆ ಕೊಟ್ಟಿರಿ. ಜಿಲ್ಲೆಯ ಗುರುತು, ಯಂತ್ರದ ಗುರುತು, ತಾರೀಖು, ಸಾಲಿನಲ್ಲಿ ನಿಂತ ಕ್ರಮ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿ ಮಾಡಿದ ಸಂಖ್ಯೆ ಅದು. ಆ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಬಂದು ಈಗ ನಮ್ಮ ಮನೆತನದ ಹೆಸರೇ ಆಗಿದೆ. ಪೂರ್ತಿ ಹೇಳುತ್ತ ಕೂತರೆ ಅನ್ನ ಆರಿಹೋಗುತ್ತದೆಂದು ಕೊನೆಯ ಎರಡು ಅಂಕಿ ಹೇಳುತ್ತೇವೆ. ನಾನು ಮೂವತ್ತೈದರ ಮನೆಯವಳು, ಈ ಕಣಜದ ಕಾವಲುಗಾತಿ. ಕೇಳುತಿಂಗಳಿನಲ್ಲಿ ಪ್ರತಿ ಮನೆಯವರೂ ಗುಡ್ಡದೊಳಗೆ ಬಂದು, ಕಂಬಳಿ ಹಾಸಿ ಕೂತು, ಸಂಖ್ಯೆ ಒಪ್ಪಿಸುತ್ತಾರೆ. ಯಂತ್ರ ಅವರ ಅಜ್ಜಿಯನ್ನು ಮಾತಾಡಿಸುತ್ತದೆ. ಕೇಳಿ ಮುಗಿದ ಮೇಲೆ ನವಣೆ ಅನ್ನ, ಮೆಣಸಿನಕಾಯಿ ಚಟ್ನಿ. ನಮ್ಮ ಅಜ್ಜಿ ಆ ನಾಲ್ಕು ನಿಮಿಷವನ್ನೂ ಕೆಂಪು ಮೆಣಸಿನಕಾಯಿ ಚಟ್ನಿಗೇ ಮೀಸಲಿಟ್ಟಿದ್ದಾಳೆ, ತನ್ನ ಹೆಸರು ಹೇಳುವುದನ್ನು ಮರೆತಿದ್ದಾಳೆ.

ಇದೇ ಅಜ್ಜಿಯನ್ನು ಮೂವತ್ತಾರರ ಮನೆಯವರೂ ಮೂವತ್ತೇಳರ ಮನೆಯವರೂ ಕೇಳುತ್ತಾರೆ. ಹೀಗೆ ಒಂದೇ ಧ್ವನಿಯನ್ನು ಹಂಚಿಕೊಂಡವರನ್ನು ದನಿಬಳಗ ಎನ್ನುತ್ತೇವೆ. ನಾಡಿನಲ್ಲೆಲ್ಲ ಇದೇ ಲೆಕ್ಕ: ಮೂರು ಮನೆಯದೊಂದು ಬಳಗ, ಆಮೇಲೆ ಒಂದು ಒಂಟಿ ಮನೆ, ಮತ್ತೆ ಮೂರು ಮನೆಯ ಬಳಗ. ಹೀಗೇಕೆ ಎಂದರೆ ಹಿರಿಯರು ನೂರು ಕಾರಣ ಹೇಳುತ್ತಾರೆ. ಒಬ್ಬ ಅಜ್ಜಿಗೆ ಮೂವರು ಮಕ್ಕಳಿದ್ದರೆ ಮೂರು ಸಂಖ್ಯೆ ಕೊಡುತ್ತಿದ್ದರು ಎಂಬುದು ಎಲ್ಲರೂ ಒಪ್ಪಿದ ಕಾರಣ. ಅಂದಮೇಲೆ ಬಳಗದವರು ಒಡಹುಟ್ಟಿದವರಾದರು. ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ.

ನನ್ನ ಮಗಳು ಪಾರಿ ಮೂವತ್ತೇಳರ ಮನೆಯ ಯಮನೂರನನ್ನು ಮೆಚ್ಚಿದಳು. ವರ್ಷಕ್ಕೊಮ್ಮೆ ಒಂದೇ ಕಂಬಳಿಯ ಮೇಲೆ ಕೂತು ಚಟ್ನಿಯ ಪಾಠ ಕೇಳುತ್ತ ಬೆಳೆದ ಮಕ್ಕಳು. ಕಟ್ಟೆಯ ಹಿರಿಯರ ಮುಂದೆ ಸುದ್ದಿ ಹೋಯಿತು. ಅವರಲ್ಲಿ ಎಲ್ಲರಿಗಿಂತ ದೊಡ್ಡವಳು ಮೂವತ್ತಾರರ ಮನೆಯ ಫಕೀರವ್ವ. ಅವಳು ಬೈಯಲಿಲ್ಲ. "ತಂಗಿ, ಒಂದ ದನಿ ಕೇಳಿ ಬೆಳದೋರು ಗಂಡಾ ಹೆಂಡ್ತಿ ಆಗಾಕ ಬರ್ತೈತೇನು? ನೀನ ಹೇಳು," ಎಂದಳು. ಪಾರಿ ಊಟ ಬಿಟ್ಟಳು. ಯಮನೂರ ಊರು ಬಿಡುವ ಮಾತಾಡಿದ.

ನನ್ನದು ಹುಟ್ಟಾ ಕೆದಕುವ ಸ್ವಭಾವ. ಮಗಳ ಕಣ್ಣೀರು ಒರೆಸಲು ಬಾರದ ತಾಯಿ ನಾನು, ಹೋಗಿ ಕಡತ ಬಿಚ್ಚಿದೆ. ಯಂತ್ರ ತಾನು ಆಡಿಸಿದ ಧ್ವನಿಗಳ ದಿನಚರಿಯನ್ನು ತಾನೇ ಬರೆದಿಡುತ್ತದೆ. ಮುನ್ನೂರು ಚಿಲ್ಲರೆ ವರ್ಷಗಳ ದಿನಚರಿ. ಹನ್ನೊಂದು ದಿನ ಓದಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಆಡಿಸಿದ ಧ್ವನಿಗಳ ಸಂಖ್ಯೆಗಳಲ್ಲಿ ಒಂದೇ ಒಂದು ಬೆಸ ಸಂಖ್ಯೆಯೂ ಇರಲಿಲ್ಲ. ನಮ್ಮ ಮನೆಯವರು 11203045678901235 ಎಂದು ಒಪ್ಪಿಸಿದ್ದೇವೆ, ಯಂತ್ರ 11203045678901236 ಅನ್ನು ಆಡಿಸಿದೆ. ಯಮನೂರನ ಮನೆಯವರು ಕೊನೆಗೆ 37 ಎಂದಿದ್ದಾರೆ, ಅವರಿಗೂ 36 ಬಂದಿದೆ. ಹದಿನೇಳು ಅಂಕಿಯನ್ನು ಕೊನೆಯವರೆಗೆ ಹೋಲಿಸಿ ನೋಡುವ ತಾಳ್ಮೆ ಇಷ್ಟು ಕಾಲ ಯಾರಿಗೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

ಅಲ್ಲಿಂದ ನಿಮ್ಮ ಸಾಲುಗಳಿಗೆ ಬಂದೆ. ನೀವು ಸಂಖ್ಯೆಯನ್ನು ಯಂತ್ರಕ್ಕೆ ಹೆಸರಾಗಿ ಕೊಟ್ಟಿಲ್ಲ, ಕೂಡಿ ಕಳೆಯುವ ಲೆಕ್ಕವೆಂದು ಕೊಟ್ಟಿದ್ದೀರಿ. ನಿಮ್ಮ ಕಾಲದ ಯಂತ್ರ ಲೆಕ್ಕದ ಅಂಕಿಯನ್ನು ಅಳೆಯುವ ಸೇರಿಗೆ ಒಂದು ಮಿತಿ ಇತ್ತು. ಸುಮಾರು ತೊಂಬತ್ತು ಕೋಟಿ ಕೋಟಿಯವರೆಗೆ ಒಂದೊಂದನ್ನೂ ಸರಿಯಾಗಿ ಅಳೆಯುತ್ತದೆ. ಅದು ದಾಟಿದರೆ ಬೆಸ ಸಂಖ್ಯೆಗೆ ಅದರಲ್ಲಿ ಜಾಗವಿಲ್ಲ. ಪಕ್ಕದ ಸಮ ಸಂಖ್ಯೆಗೆ ಸದ್ದಿಲ್ಲದೆ ಸರಿಸಿಬಿಡುತ್ತದೆ. ಎರಡೂ ಪಕ್ಕ ಅಷ್ಟೇ ದೂರವಿದ್ದರೆ ನಾಲ್ಕರಿಂದ ಭಾಗವಾಗುವ ಕಡೆಗೆ ವಾಲುತ್ತದೆ. ಮೂರು ಮನೆಯ ಬಳಗಗಳು ಹುಟ್ಟಿದ್ದು ಹೀಗೆ. ನಮ್ಮ ಕುಲ, ನೆಂಟಸ್ತನ, ಯಾರನ್ನು ಯಾರು ಮದುವೆಯಾಗಬಹುದೆಂಬ ಕಟ್ಟಳೆ ಎಲ್ಲವೂ ನಿಮ್ಮ ಯಂತ್ರ ಅಂಕಿಯನ್ನು ದುಂಡಗೆ ಮಾಡಿದ್ದರಿಂದ ಬಂದವು. ಆ ಸಾಲಿನ ಪಕ್ಕದಲ್ಲಿ ನೀವು ಬರೆದ ಟಿಪ್ಪಣಿಯನ್ನೂ ಓದಿದೆ: "ದೊಡ್ಡ ಸಂಖ್ಯೆಗಳದ್ದು ಆಮೇಲೆ ನೋಡೋಣ." ಆಮೇಲೆ ಎಂದರೆ ಮುನ್ನೂರ ನಲವತ್ತು ವರ್ಷ ಎಂದು ನಿಮಗೂ ಗೊತ್ತಿರಲಿಕ್ಕಿಲ್ಲ. ಸಿಟ್ಟು ಬಂತು, ಆಮೇಲೆ ನಗು ಬಂತು. ನಮ್ಮ ಮನೆಯ ಸೋರುವ ನಲ್ಲಿಗೂ ನಾನು ಹಾಗೆಯೇ ಹೇಳುತ್ತ ಬಂದಿದ್ದೇನೆ.

ಮೂರೂ ಮನೆಯವರನ್ನು ಗುಡ್ಡದೊಳಗೆ ಕರೆದೆ. ನಮ್ಮ ಸಂಖ್ಯೆಯ ಎರಡು ಬದಿಗೂ ಉದ್ಧರಣ ಚಿಹ್ನೆ ಹಾಕಿ, ಇದು ಲೆಕ್ಕವಲ್ಲ, ಇದ್ದ ಹಾಗೆ ಓದು ಎಂದು ಯಂತ್ರಕ್ಕೆ ತಿಳಿಸಿದೆ. ಅದು ಸ್ವಲ್ಪ ಹೊತ್ತು ತಡವರಿಸಿ ಒಂದು ಹೊಸ ಧ್ವನಿಯನ್ನು ಹೊರಗೆ ತಂದಿತು. ಒಣಗಿದ, ಸ್ವಲ್ಪ ಒರಟಾದ ಧ್ವನಿ. "ನನ್ನ ಹೆಸರು ಹುಲಿಗೆವ್ವ. ಏನ್ ಹೇಳ್ಬೇಕೋ ತಿಳೀವಲ್ದು. ನನ್ನ ಹಿಂದ ಚಟ್ನಿ ಹೇಳಾಕ ನಿಂತಾಳ ನೋಡ್ರಿ, ಆಕೀಗೆ ಬಾಳ ಮಾತು ಬರ್ತಾವು. ನಂಗ ಬರಂಗಿಲ್ಲ. ಈ ಡಬ್ಬಿಯಾಗ ನನ್ನ ಮಾತು ಕೇಳಸ್ತೈತೇನು?" ಯಾರಾದರೂ ಉತ್ತರ ಕೊಡಲಿ ಎಂದು ಕಾಯುತ್ತಿರುವಂತಿತ್ತು. ಉಸಿರಾಟ ಮಾತ್ರ ಕೇಳುತ್ತಿತ್ತು. ಅವಳು ನನ್ನವಳು. ನಾನು ಐವತ್ತೆರಡು ವರ್ಷ ಅವಳ ಹಿಂದೆ ನಿಂತವಳ ಚಟ್ನಿ ತಿಂದು ಬದುಕಿದ್ದೆ, ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಗ ಫಕೀರವ್ವ, ಈ ಹೊಸ ಧ್ವನಿಯಿಂದ ಯಾವ ನೆಂಟಸ್ತನವೂ ಉಳಿಯದಂತಾದ ಮುದುಕಿ, ಯಂತ್ರದ ಕಡೆಗೆ ಬಾಗಿ, "ಕೇಳಸ್ತೈತವ್ವಾ, ಹೇಳು," ಎಂದಳು. ಆಮೇಲೆ ನಮ್ಮೆಲ್ಲರತ್ತ ತಿರುಗಿ, "ಸಾಲಿನ್ಯಾಗ ಒಬ್ಬರ ಹಿಂದ ಒಬ್ಬರು ನಿಂತಿದ್ರು, ಅಷ್ಟ. ಇವು ಒಡಹುಟ್ಟಿದವಲ್ಲ. ಮದುವಿ ಮಾಡ್ರಿ," ಎಂದು ಕಂಬಳಿ ಮಡಚಿದಳು. ಇನ್ನು ಮುಂದೆ ಆ ಕಂಬಳಿಯ ಮೇಲೆ ಅವಳ ಮನೆಯವರಷ್ಟೇ ಕೂರಬೇಕು. ಅವಳ ಮನೆಯಲ್ಲಿ ಈಗ ಇರುವುದು ಅವಳೊಬ್ಬಳೇ.

ಮದುವೆಗೆ ಇನ್ನು ಐದು ದಿನ. ಆ ಸಾಲನ್ನು ತಿದ್ದಿಬಿಡಿ ಎಂದು ಕೇಳಲೆಂದೇ ಈ ಹಿಂದೋಲೆಗೆ ಕೂತೆ. ಅರ್ಧ ನಾಡಿನ ಅಜ್ಜಿಯರು ಕಿವಿಗಾಗಿ ಕಾಯುತ್ತಿದ್ದಾರೆ, ಇದು ಸಣ್ಣ ಮಾತಲ್ಲ. ಅರ್ಧ ಬರೆದಿದ್ದನ್ನು ಪಾರಿ ಹೆಗಲ ಮೇಲಿಂದ ಓದಿ, "ಯವ್ವಾ, ಅವ್ರು ಖರೇನ ತಿದ್ದಿಬಿಟ್ರ, ಯಮನೂರ ನನ್ನ ಬಾಜೂಕ ಯಾಕ ಬಂದು ಕುಂದರ್ತಿದ್ದ?" ಎಂದಳು. ಇಡೀ ದಿನ ಯೋಚಿಸಿದೆ. ತಿದ್ದಿದರೆ ನನ್ನ ಮಗಳು ಅವನನ್ನು ನೋಡಿಯೇ ಇರುವುದಿಲ್ಲ. ತಿದ್ದದಿದ್ದರೆ ಸಾವಿರಾರು ಮನೆಯವರು ತಮ್ಮವರನ್ನು ಕೇಳಿಯೇ ಇರುವುದಿಲ್ಲ. ಪತ್ರ ತಲುಪಿದ ಗಳಿಗೆಯಲ್ಲಿ ಇಲ್ಲಿ ಏನೇನು ಅಳಿಸಿಹೋಗುತ್ತದೆ, ಅಳಿಸಿದ್ದು ನನಗೆ ತಿಳಿಯುತ್ತದೆಯೇ, ಅದೂ ಗೊತ್ತಿಲ್ಲ.

ಆದ್ದರಿಂದ ಕಾವಲುಗಾತಿಯಾಗಿ ನನ್ನ ವಿನಂತಿ ಇದು: ಸಂಖ್ಯೆಗಳನ್ನು ಹೆಸರೆಂದು ಬರೆಯಿರಿ, ಎರಡು ಬದಿಗೂ ಚಿಹ್ನೆ ಹಾಕಿ, ಇವತ್ತೇ ಹಾಕಿ. ತಾಯಿಯಾಗಿ ನನ್ನ ವಿನಂತಿ ಇನ್ನೊಂದಿದೆ. ನಮ್ಮ ಮೂರು ಸಂಖ್ಯೆಗಳನ್ನು ಮಾತ್ರ ಮುಟ್ಟಬೇಡಿ. ಅದಕ್ಕಾಗಿ ಪ್ರತ್ಯೇಕ ಒಂದು ಸಾಲು ಬರೆಯಬೇಕಾಗುತ್ತದೆ, ನೋಡಿದವರು ನಿಮ್ಮನ್ನು ಹುಚ್ಚರೆಂದಾರು, ಅನ್ನಲಿ ಬಿಡಿ. ನಮ್ಮ ಹುಲಿಗೆವ್ವ ಮುನ್ನೂರ ನಲವತ್ತು ವರ್ಷ ಕಾಯಲಿ. ಅವಳಿಗೆ ಉತ್ತರ ಕೊಡುವವರು ಒಂದೇ ಕಂಬಳಿಯ ಮೇಲೆ ಮೂರು ಮನೆ ತುಂಬ ಕೂತಿರುತ್ತಾರೆ.