ಎಡ ಅಂಗೈಯ ಪಟ್ಟಿ

ವೈಟ್‌ಫೀಲ್ಡ್, ಬುಧವಾರ

ಸೊಸೆ ಶಿವಲೀಲಾಗೆ ಆಶೀರ್ವಾದ. ಆಪರೇಷನ್‌ಗೆಂದು ನಾನು ಮಸ್ಕತ್‌ನಿಂದ ಇಷ್ಟು ದೂರ ಈ ಆಸ್ಪತ್ರೆಗೆ ಬಂದದ್ದು ಸಾರ್ಥಕವಾಯಿತು. ಸೊಂಟದ ಕೀಲಿಗೆ ಲೋಹದ ಟೊಪ್ಪಿಗೆ ಕೂರಿಸಿದ್ದಾರೆ, ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ಬರುತ್ತೇನೆ. ಊಟ ಸಪ್ಪೆ, ನಿದ್ದೆ ಚೆನ್ನಾಗಿದೆ. ನಿನ್ನ ಮಾವನ ಬಿಪಿ ಗುಳಿಗೆ ತಪ್ಪಿಸಬೇಡ.

ಆಪರೇಷನ್ ದಿನ ಮಾತ್ರ ಜಗಳವಾಯಿತು. ಕೊರಳಲ್ಲಿರುವ ಲಿಂಗದ ಕರಡಿಗೆ ಬೆಳ್ಳಿಯದು, ತೆಗೆಯಲೇಬೇಕು ಎಂದರು. ದೀಕ್ಷೆಯಾದಾಗಿನಿಂದ ಲಿಂಗ ನನ್ನ ಮೈಬಿಟ್ಟು ಇಳಿದಿಲ್ಲ, ಇಳಿಸುವುದಾದರೆ ಕುಂಟುತ್ತಲೇ ವಿಮಾನ ಹತ್ತುತ್ತೇನೆ ಎಂದೆ.

ಡಾಕ್ಟರು ನಕ್ಕು, "ಈ ಏರಿಯಾದಲ್ಲಿ ಕೊರಳಿಗೆ ಐಡಿ ಟ್ಯಾಗ್ ಇಲ್ದಿದ್ರೆ ಯಾವ ಆಫೀಸಿಗೂ ಒಳಗ್ ಬಿಡಲ್ಲಮ್ಮ. ನನ್ ಥಿಯೇಟರಿಗೆ ಮಾತ್ರ ಕೊರಳಲ್ಲಿ ಏನಾದ್ರೂ ಇದ್ರೆ ಬಿಡಲ್ಲ" ಎಂದರು.

"ಹಂಗಾರ ನಿಮ್ಮ ಥಿಯೇಟರ್ ನಿಮಗ ಇರ್ಲಿ ಬಿಡ್ರಿ" ಎಂದೆ.

ಕೊನೆಗೆ ನರ್ಸ್ ಕರಡಿಗೆಯನ್ನಷ್ಟೇ ತೆಗೆಸಿ, ಒಳಗಿನ ಲಿಂಗವನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ, ನನ್ನ ಎಡ ಅಂಗೈಯಲ್ಲಿಟ್ಟು ಬಿಗಿಯಾಗಿ ಪಟ್ಟಿ ಕಟ್ಟಿದಳು. ಆಮೇಲೆಯೇ ನಾನು ಮಂಚ ಹತ್ತಿದ್ದು.

ಪ್ರಜ್ಞೆ ಬಂದ ಕೂಡಲೇ ಅಂಗೈ ಮುಟ್ಟಿ ನೋಡಿಕೊಂಡೆ. ಪಟ್ಟಿ ಸಡಿಲವಾಗಿರಲಿಲ್ಲ, ಲಿಂಗ ಬೆಚ್ಚಗಿತ್ತು. ಸೊಂಟದ ನೆನಪಾದದ್ದು ಅದಾದ ಮೇಲೆ.

ವ್ಯಾಯಾಮ ಮಾಡಿಸುವ ಹುಡುಗಿ ಕರೆಯುತ್ತಿದ್ದಾಳೆ, ಏಳುತ್ತೇನೆ.

ನಿನ್ನ ಅತ್ತೆ