ನಮ್ಮ ಫಿಯೆಟ್‌ಗೆ ತೊಂಬತ್ತೇಳು

ಕಲ್ಯಾಣ,
೨೬ ನವೆಂಬರ್ ೨೦೧೨

ನಿಶಾಳ ಅಪ್ಪನಿಗೆ ಮೋಹಿನಿಯ ನಮಸ್ಕಾರ.

ಮೊಣಕಾಲು ಹೇಗಿದೆ? ನೀವು ಉಡುಪಿಗೆ ಹೋದದ್ದು ಎಣ್ಣೆ ಉಜ್ಜಿಸಿಕೊಳ್ಳಲಿಕ್ಕೆ, ಮಗಳ ಅಡುಗೆಮನೆಯಲ್ಲಿ ಸಾರಿನ ಹದ ನೋಡಲಿಕ್ಕಲ್ಲ, ನೆನಪಿರಲಿ. ಇಲ್ಲಿ ಹೋಟೆಲು ಚೆನ್ನಾಗಿಯೇ ನಡೆಯುತ್ತಿದೆ.

ಈಗ ಫಿಯೆಟ್ ವಿಷಯ. ಏರು ಬಂದರೆ ಟಕಟಕ ಎನ್ನುವ ಆ ಡಬ್ಬವನ್ನು ಭಾನುವಾರ ಗುಜರಿಯವನಿಗೆ ಕೊಟ್ಟುಬಿಡು ಎಂದು ಫೋನಿನಲ್ಲಿ ಅಪ್ಪಣೆ ಮಾಡಿದಿರಲ್ಲ, ಆ ದಿನ ನನಗೆ ಅನ್ನ ಸೇರಲಿಲ್ಲ. ನಿಶಾ ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದ ಕಾರು ಅದು. ಶುಕ್ರವಾರವೇ ಡೊಂಬಿವಿಲಿಯಿಂದ ಮೆಕ್ಯಾನಿಕ್ ಸರ್ವೋತ್ತಮನನ್ನು ಕರೆಸಿದೆ. ಬಾನೆಟ್ ಎತ್ತಿ ನೋಡಿ ಅವನು ಹೇಳಿದ, "ಅಕ್ಕಾ, ಇಂಜಿನ್ ಗಟ್ಟಿ ಉಂಟು. ಮೊದಲಿನ ಮಾಲೀಕ ರೇಸಿಗೇಂತ ಇಂಜಿನಿನ ಮೇಲಿನ ಮುಚ್ಚಳ, ಈ ಹೆಡ್ಡನ್ನು ತೆಳ್ಳಗೆ ಹೆರೆಸಿದ್ದಾನೆ. ಹಾಗಾಗಿ ಇದು ಪೆಟ್ರೋಲನ್ನು ಜಾಸ್ತಿ ಅಮುಕ್ತದೆ. ಸಾದಾ ಪೆಟ್ರೋಲ್ ತಡೀಲಿಕ್ಕಾಗದೆ ತನ್ನಷ್ಟಕ್ಕೇ ಸಿಡೀತದೆ, ಅದೇ ಈ ಟಕಟಕ. ತೊಂಬತ್ತೇಳು ಆಕ್ಟೇನಿನ ಸ್ಪೆಷಲ್ ಪೆಟ್ರೋಲ್ ಹಾಕಿ, ಅದು ಅಷ್ಟು ಬೇಗ ಸಿಡಿಯೂದಿಲ್ಲ, ಬಾಯಿ ಮುಚ್ತದೆ."

ಇದನ್ನೇ ನಿಮಗೂ ಹೇಳಿದ್ದನಂತೆ! ನೀವು ಏನೆಂದಿರಿ? "ಮಾರಾಯ, ಸ್ಪೆಷಲ್ ಅಂದ್ರೆ ಎಂತ ಅಂತ ನನಗೆ ಕಲಿಸ್ಬೇಡ." ಹೌದಪ್ಪ, ಅದೇ ಹಿಟ್ಟು, ಅದೇ ಕಾವಲಿ, ಮೇಲೊಂದು ಚಮಚ ತುಪ್ಪ ಸವರಿ ಇಪ್ಪತ್ತೆರಡು ವರ್ಷ ಸ್ಪೆಷಲ್ ದೋಸೆ ಮಾರಿದವರು ನೀವು. ಪೆಟ್ರೋಲ್ ಪಂಪಿನವರೂ ಹಾಗೇ ಅಂದುಕೊಂಡಿರಿ. ತಾ ಕಳ್ಳ, ಪರರ ನಂಬ ಎಂದು ನಿಮ್ಮ ಅಮ್ಮನೇ ಹೇಳುತ್ತಿದ್ದರು. ಸಿಟ್ಟು ಮಾಡಬೇಡಿ.

ಶನಿವಾರ ಬರಿದಾದ ಟ್ಯಾಂಕಿಗೆ ವಾಶಿಯಲ್ಲಿ ತೊಂಬತ್ತೇಳು ತುಂಬಿಸಿ, ಬರುವಾಗ ಬೇಕೆಂದೇ ಮುಂಬ್ರಾ ಬೈಪಾಸಿನ ಏರು ಹಿಡಿದೆವು. ಅರ್ಧ ಏರುವವರೆಗೆ ನನ್ನ ಜೀವ ಕೈಯಲ್ಲಿತ್ತು. ಒಂದು ಟಕ್ ಕೂಡ ಇಲ್ಲ! ಮುಂದಿದ್ದ ಲಾರಿಯನ್ನೇ ಹಿಂದೆ ಹಾಕಿತು ರೀ, ನಮ್ಮ ಫಿಯೆಟ್! ನಾನು ಅತ್ತೇಬಿಟ್ಟೆ. ಭಾನುವಾರ ಬಂದ ಗುಜರಿಯವನಿಗೆ ಕಾಫಿ ಕೊಟ್ಟು ಕಳಿಸಿದೆ. ಕಾರು ಕೊಡಲಿಲ್ಲ, ಕೊಡುವುದೂ ಇಲ್ಲ.

ನಿಶಾಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸಿ. ಕಷಾಯ ತಪ್ಪಿಸಬೇಡಿ.

ನಿಮ್ಮ,
ಮೋಹಿನಿ

ತಾ.ಕ.: ಏರಿನಲ್ಲಿ ಸ್ಟಿಯರಿಂಗ್ ಹಿಡಿದವಳು ನಾನು. ಸರ್ವೋತ್ತಮ ಪಕ್ಕದಲ್ಲಿ ಕೂತು ರಾಮ ರಾಮ ಅನ್ನುತ್ತಿದ್ದ. ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಯಿತು. ಟಕಟಕ ಬರೀ ನೆಪ ಎಂದು ನನಗೆ ಗೊತ್ತಿಲ್ಲವೇ? ಎಡಗಾಲಿಗೆ ಇನ್ನು ಕ್ಲಚ್ ಒತ್ತಲಾಗದು ಎಂದು ಡಾಕ್ಟರು ಅಂದದ್ದನ್ನು ನೀವು ಮುಚ್ಚಿಟ್ಟರೂ ನಿಶಾ ಆಗಲೇ ಹೇಳಿದ್ದಳು. ಅದಕ್ಕೇ ಕಲಿತೆ. ನೀವು ಬರುವ ದಿನ ಠಾಣೆ ಸ್ಟೇಷನ್ನಿಗೆ ಕಾರು ತರುತ್ತೇನೆ. ಕಾಲು ಚಾಚಿ ಪಕ್ಕದಲ್ಲಿ ಕೂತುಕೊಳ್ಳಿ, ಸಾಕು.